ಗೆದ್ವಿ ಅಟ್ರಾಕ್ಟಾ, ಕೂತ್ಕೊ

ಕಂಬ ಎರಡೇ, ಎರಡೇ ಇರುವುದು, ಮೂರನೆಯದು ನನ್ನ ಎಡಗಣ್ಣಿನದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು — ಬಿಳಿ ಬಣ್ಣ ಇನ್ನೂ ಹಸಿ, ಫೈನಲ್ ಅಂತ ಈ ಕಾಲೇಜಿನವರು ನಿನ್ನೆ ಬಳಿಸಿರಬೇಕು, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ, ಹತ್ತುವ ಕಂಬ ನಿಜ, ಹತ್ತದ ಕಂಬ ನನ್ನದು, ಇಷ್ಟು ನೆನಪಿಟ್ಟುಕೊಂಡರೆ ಸಾಕು, ಗೋಲು ಕಾಯುವವಳಿಗೆ ಕಂಬ ಎಲ್ಲಿದೆಯೆಂದು ಕಣ್ಣಿಗಿಂತ ಬೆನ್ನಿಗೆ ಚೆನ್ನಾಗಿ ಗೊತ್ತಿರುತ್ತದೆ, ಅಮ್ಮ ಕತ್ತಲಲ್ಲಿ ದೀಪದ ಸ್ವಿಚ್ಚನ್ನು ಹುಡುಕುತ್ತಾಳೆಯೆ, ಕೈಚಾಚುತ್ತಾಳೆ ಅಷ್ಟೆ, ಹಾಗೆ — ಮಳೆ ನಿಂತು ಬಿಸಿಲು ಬಂತು, ಇದೊಂದು ಬೇಡವಾಗಿತ್ತು, ಫೆಬ್ರವರಿಯ ಬಿಸಿಲು ಮೇಲಿಂದ ಬರುವುದಿಲ್ಲ, ಎದುರಿಂದ ಬರುತ್ತದೆ, ನೆಲದ ಮಟ್ಟದಿಂದ, ಹೆಲ್ಮೆಟ್ಟಿನ ಸರಳುಗಳ ಸಂದಿಯಲ್ಲಿ ನುಗ್ಗಿ ಹಣೆಯ ಹಿಂದೆ ಹೋಗಿ ಕೂರುತ್ತದೆ, ಅಲ್ಲಿ ಗುರುವಾರದಿಂದ ಇನ್ನೇನೋ ಒಂದು ಕೂತಿದೆ, ಅದರ ಪಕ್ಕದಲ್ಲಿ. ನನ್ನ ಮುಂದೆ ಡರ್ವ್ಲಾ, ಮೂರನೇ ನಂಬರಿನ ಅಂಗಿ, ಅಗಲ ಬೆನ್ನು, ಕೆಂಚು ಜಡೆ, ನಮ್ಮ ಕೊನೆಯ ಕಾವಲು ಅವಳು, ಅವಳನ್ನು ದಾಟಿ ಬಂದದ್ದೆಲ್ಲ ನನ್ನದು, ಆ ಬೆನ್ನು ನೋಡುತ್ತಲೇ ಕಾಲೇಜು ಮುಗಿಯುತ್ತ ಬಂತು, ಗಂಡನ ಬೆನ್ನನ್ನು ಕೂಡ ಯಾರೂ ಅಷ್ಟು ನೋಡಿರಲಾರರು — ತಿರುಗುತ್ತಾಳೆ, ಹೇಗಿದೀಯಾ ಎಂದು ಕೇಳುವುದಿಲ್ಲ, ಕೇಳಬಾರದೆಂದು ಮಾತಾಗಿದೆ, ಹುಬ್ಬು ಮಾತ್ರ ಏರಿಸುತ್ತಾಳೆ, ನಾನು ದಾಂಡು ಏರಿಸುತ್ತೇನೆ, ಸರಿಯಾಗಿದ್ದೇನೆ, ಸರಿಯಾಗಿದ್ದೇನೆ. ಗುರುವಾರದ ಅಭ್ಯಾಸ ಮುಗಿಯುವ ಹೊತ್ತು, ಚೆಂಡು ನಮ್ಮಿಬ್ಬರ ನಡುವೆ ಬಿತ್ತು, ಇಬ್ಬರೂ ನನ್ನದು ಅಂದೆವು, ಅವಳು ಗಿರ್ರನೆ ತಿರುಗಿದಳು, ಅವಳ ದಾಂಡಿನ ಹಿಡಿಕೆಯ ತುದಿ ನನ್ನ ಕಿವಿಯ ಮೇಲೆ, ಹೆಲ್ಮೆಟ್ ಇತ್ತು, ಇದ್ದೇ ಇತ್ತು, ಆದರೂ — ಸದ್ದು ಬರಲಿಲ್ಲ, ಬೆಳಕು ಬಂತು, ಬಿಳಿ, ದುಂಡಗೆ, ಚೆಂಡಿನಷ್ಟೇ ಗಾತ್ರ, ಎಲ್ಲೋ ದೂರದಿಂದ ಹೊರಟ ಹಾಗೆ. ಅಯ್ಯೋ ಕೀಲಿನ್, ನಿಜ ಹೇಳು, ಬದುಕಿದೀಯೇನೇ? ಇಲ್ಲ ಸತ್ತಿದೀನಿ, ಹೂವು ತಗೊಂಡು ಬಾ. ನಕ್ಕೆವು. ಆಮೇಲೆ ಬಲೆಗಳನ್ನಿಡುವ ಶೆಡ್ಡಿನ ಹಿಂದೆ ನಾನು ವಾಂತಿ ಮಾಡಿದೆ, ಅವಳು ನನ್ನ ಕೂದಲು ಹಿಡಿದುಕೊಂಡಳು, ಎಥ್ನಾಗೆ ಹೇಳಣ ಕಣೇ ಅಂದಳು, ಎಥ್ನಾ ನಮ್ಮ ತಂಡದ ಫಿಸಿಯೋ, ಈ ವರ್ಷ ಬಂದವಳು, ತಲೆಗೆ ಏಟು ಎಂದು ಅವಳ ಕಿವಿಗೆ ಬಿದ್ದರೆ ಮುಗಿಯಿತು, ವಾರಗಟ್ಟಲೆ ಹೊರಗೆ — ಹೇಳಿದ್ರೆ ಫೈನಲ್‌ನಲ್ಲಿ ಗೋಲಿಗೆ ಯಾರು ನಿಲ್ತಾರೆ ಗೊತ್ತೇನೇ, ಆ ಫಸ್ಟ್ ಇಯರ್ ಮಗು, ಅದು ಚೆಂಡು ಮೈಗೆ ತಾಕಿದ್ರೆ ಚೆಂಡಿಗೇ ಸಾರಿ ಹೇಳತ್ತೆ. ಡರ್ವ್ಲಾ ಒಪ್ಪಿಕೊಂಡಳು, ಹೊಡೆದವಳ ಬಾಯಿ ಕಟ್ಟುವುದು ಸುಲಭ. ಸೆಪ್ಟೆಂಬರಿನಲ್ಲಿ ಎಥ್ನಾ ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಹೇಳಿದ್ದಳು, ಹುಡುಗೀರಾ, ತಲೆ ವಿಷಯದಲ್ಲಿ ಎರಡನೇ ಏಟು ಮೊದಲನೇದರ ಥರ ಅಲ್ಲ, ಮೊದಲನೇದು ಬಾಗಿಲು ತಟ್ಟತ್ತೆ, ಎರಡನೇದು ತಟ್ಟೋದಿಲ್ಲ. ನಾವು ತಲೆಯಾಡಿಸಿದೆವು, ಬಾಳೆಹಣ್ಣು ತಿಂದೆವು.

ಚೆಂಡು ಬಂತು, ಎತ್ತರಕ್ಕೆ, ಅಡ್ಡಪಟ್ಟಿಯ ಮೇಲಿಂದ ಹೋಯಿತು, ಅವರಿಗೆ ಒಂದು ಅಂಕ, ಹೋಗಲಿ, ಮೇಲೆ ಹೋದರೆ ಒಂದು, ಕೆಳಗೆ ಹೋದರೆ ಮೂರು, ಮೇಲಿನದು ದೇವರದು, ಕೆಳಗಿನದು ನನ್ನದು — ಹೊಸ ಚೆಂಡು ತೆಗೆದುಕೊಂಡು ಗೋಲಿನಿಂದ ದೂರಕ್ಕೆ ಹೊಡೆಯಬೇಕು, ಎಸೆದು, ಇಳಿಯುವಾಗ, ದಾಂಡು ಬೀಸಿ, ಈ ಕೆಲಸ ಕೈಗೆ ಗೊತ್ತು, ತಲೆಗೆ ಹೇಳಬೇಕಾಗಿಲ್ಲ, ಹೇಳದಿದ್ದರೇ ಒಳ್ಳೆಯದು. ಬೆನ್ನ ಹಿಂದೆ ಕಂಬಿಗೆ ಒರಗಿ ಒಬ್ಬ ಮುದುಕ, ಚಪ್ಪಟೆ ಟೋಪಿ, ಫ್ಲಾಸ್ಕು, ಪ್ರತಿ ಗೋಲಿನ ಹಿಂದೆಯೂ ಇಂಥವನೊಬ್ಬ ಇದ್ದೇ ಇರುತ್ತಾನೆ, ಮೈದಾನದ ಜೊತೆ ಕೊಡುತ್ತಾರೇನೋ — ಏ ಗೋಲಿ, ನೆಲ ಒದ್ದೆ ಇದೆ ನೋಡ್ಕೊ, ಚೆಂಡು ನೆಗೆಯಲ್ಲ, ಜಾರಿ ಬರತ್ತೆ. ಗೊತ್ತು ತಾತ. ಗೊತ್ತಂತೆ, ಏನು ಗೊತ್ತೋ, ನಮ್ಮ ಹೆಂಗಸರ ಗೋಲಿ ಕಣ್ಮುಚ್ಚಿ ತಡೀತಿದ್ಲು, ನೀನು ಕಣ್ ಬಿಟ್ಟೂ ಹುಡುಕ್ತಾ ಇದೀಯಾ. ಅವನಿಗೆ ಕಂಡಿತೆ, ಇಲ್ಲ, ಚುಡಾಯಿಸುತ್ತಿದ್ದಾನೆ, ಗೋಲು ಕಾಯುವವಳನ್ನು ಚುಡಾಯಿಸದಿದ್ದರೆ ಇವರ ಚಹಾ ಇಳಿಯುವುದಿಲ್ಲ — ತಡಿ ತಡಿ, ನೀನು ಅಟ್ರಾಕ್ಟಾ ಮನೆ ಹುಡುಗಿ ಅಲ್ವಾ? ನಿಂತಿರೋ ಠೀವಿ ನೋಡು, ಅದೇ, ಬಲಗಾಲು ಹಿಂದೆ. ಅವಳ ತಂಗಿ ಮಗಳು. ಹಾಗೆ ಹೇಳು ಮತ್ತೆ! ಆವತ್ತು ನಾನಿದ್ದೆ ಮಗಳೇ, ಇಷ್ಟೇ ದೂರ, ಹಣೇಲಿ ತಡೆದ್ಲು ಮಹಾತಾಯಿ, ಆ ಸದ್ದು, ಹೊಲದ ಗೇಟು ಹಾಕ್ಕೊಂಡ ಹಾಗೆ, ಈಗ್ಲೂ ಒಂದೊಂದ್ಸಲ ಗೇಟು ಹಾಕುವಾಗ — ಅವನು ಚಹಾ ಸುರಿದುಕೊಂಡ, ಮಾತು ಮುಗಿಸಲಿಲ್ಲ. ಎಲ್ಲರಿಗೂ ಗೊತ್ತಿರುವ ಕತೆಯನ್ನು ಯಾರೂ ಪೂರ್ತಿ ಹೇಳುವುದಿಲ್ಲ, ನಾನೊಬ್ಬಳೇ ಹೇಳುವುದು, ಹೊಸ ಹುಡುಗಿಯರು ಕ್ಲಬ್ಬು ಸೇರುವ ಸಂಜೆ ನನ್ನನ್ನು ಕುರ್ಚಿ ಹತ್ತಿಸುತ್ತಾರೆ, ಏ ಕೀಲಿನ್, ಗೋಡೆ ಓದೇ, ನಾನು ಗೋಡೆ ನೋಡದೆ ಗೋಡೆ ಓದುತ್ತೇನೆ, ಕಾಲೇಜು ಕ್ಲಬ್ಬಿನ ಕಾರಿಡಾರಿನ ಉದ್ದಕ್ಕೂ ತೂಗುಹಾಕಿದ ತಂಡದ ಫೋಟೋಗಳು, ಮೊದಲನೆಯವರು ಮೊಣಕಾಲು ಮುಚ್ಚುವ ಲಂಗ, ಕಪ್ಪು ಉಣ್ಣೆಯ ಕಾಲುಚೀಲ, ದಾಂಡನ್ನು ಕೊಡೆ ಹಿಡಿದ ಹಾಗೆ ಹಿಡಿದಿದ್ದಾರೆ, ಆಮೇಲೆ ಯುದ್ಧದ ಕಾಲದವರು, ಪೆಟ್ರೋಲ್ ಇಲ್ಲ, ಅಂತರ ವಿಶ್ವವಿದ್ಯಾಲಯ ಫೈನಲ್ಲಿಗೆ ಸೈಕಲ್ ತುಳಿದುಕೊಂಡು ಹೋಗಿ ಸೋತು ಸೈಕಲ್ ತುಳಿದುಕೊಂಡೇ ಬಂದರು, ಆಮೇಲೆ ಹಿಮದ ವರ್ಷ, ಬಿಳಿ ನೆಲದ ಮೇಲೆ ಬಿಳಿ ಚೆಂಡು ಕಾಣದೆ ಅದಕ್ಕೆ ಬೂಟಿನ ಪಾಲಿಶ್ ಬಳಿದರು, ಫೋಟೋದಲ್ಲಿ ಎಲ್ಲರ ಮೂತಿಯೂ ಕಪ್ಪು, ಅವರೂ ಸೋತರು, ಇದೇ ಆಟ ಗಂಡಸರು ಆಡಿದರೆ ಹರ್ಲಿಂಗ್, ನಾವು ಆಡಿದರೆ ಕಮೋಗಿ, ದಾಂಡು ಅದೇ, ಚೆಂಡು ಅದೇ, ಏಟೂ ಅದೇ, ಗಂಡಸರ ಗೋಡೆಯ ತುಂಬ ಗೆದ್ದ ಕಪ್ಪುಗಳು, ನಮ್ಮ ಗೋಡೆಯಲ್ಲಿ ಒಂದೇ ಒಂದು, ಎಂಬತ್ತರ ದಶಕದ ಒಂದು ಫೆಬ್ರವರಿ, ಹೆಲ್ಮೆಟ್ ಇಲ್ಲದ ಕಾಲ, ಮುಂದಿನ ಸಾಲಿನ ಮಧ್ಯದಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ನನ್ನ ಅಟ್ರಾಕ್ಟಾ ದೊಡ್ಡಮ್ಮ, ಹಣೆಗೆ ಪಟ್ಟಿ, ಬಲಗೈ ಮುಖದ ಮುಂದಕ್ಕೆ ಅರ್ಧ ಎತ್ತಿದೆ, ಕೈಬೀಸುತ್ತಿದ್ದಾಳೆ ಎನ್ನುತ್ತಾರೆ ಎಲ್ಲ, ನಾನೂ ಹಾಗೇ ಹೇಳುತ್ತಿದ್ದೆ — ಮತ್ತೆ ಆ ಬಸ್ಸಿನ ಕತೆ, ಅದಕ್ಕೇ ಹುಡುಗಿಯರು ಕಾಯುವುದು, ಬರುವ ದಾರಿಯುದ್ದಕ್ಕೂ ದೊಡ್ಡಮ್ಮ ಎದ್ದೆದ್ದು ನಿಂತು ಕೇಳಿದಳಂತೆ, ಗೆದ್ವಾ? ಗೆದ್ವಿ ಅಟ್ರಾಕ್ಟಾ, ಕೂತ್ಕೊ. ಅಯ್ಯೋ ಹೌದಾ ಎಂದು ಅತ್ತು ನಕ್ಕು ಎಲ್ಲರನ್ನೂ ತಬ್ಬಿಕೊಂಡು ಕೂರುವಳಂತೆ, ಒಂದು ಸಿಗರೇಟು ಮುಗಿಯುವಷ್ಟರಲ್ಲಿ ಮತ್ತೆ ಏಳುವಳಂತೆ, ಗೆದ್ವಾ? ಶ್ಯಾನನ್ ನದಿಯ ಸೇತುವೆ ದಾಟುವವರೆಗೂ ಹಾಗೇ. ಅವತ್ತಿನಿಂದ ಪದ್ಧತಿ, ಗೆದ್ದಿರಲಿ ಸೋತಿರಲಿ, ಬಸ್ಸಿನ ಚಕ್ರ ಸೇತುವೆಗೆ ತಾಕಿದ ಕೂಡಲೇ ಹಿಂದಿನ ಸೀಟಿನಿಂದ ಒಬ್ಬಳು ಕೂಗಬೇಕು, ಗೆದ್ವಾ, ಬಸ್ಸಿಗೆ ಬಸ್ಸೇ ಎದ್ದು ಹೇಳಬೇಕು, ಗೆದ್ವಿ ಅಟ್ರಾಕ್ಟಾ, ಕೂತ್ಕೊ! ಸೋತು ಬಂದಾಗಲೇ ಹೆಚ್ಚು ಜೋರಾಗಿ ಹೇಳುವುದು. ಎಷ್ಟು ಫೆಬ್ರವರಿ ಹೇಳಿದ್ದೇವೆ. ಅಷ್ಟು ಫೆಬ್ರವರಿಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಗೆಲ್ಲಿಸಿದವಳಿಗೆ ಒಬ್ಬಳಿಗೇ ಆ ಗೆಲುವು ಸಿಗಲಿಲ್ಲ ಎಂದು.

ನೀರು ಕೊಡಿ, ನೀರು ಆ ಕಡೆ, ಯಾರೇ ನನ್ನ ಕಾಲುಚೀಲದ ಮೇಲೆ ಕೂತಿರೋದು — ಬಟ್ಟೆ ಬದಲಿಸುವ ಕೋಣೆ, ಅರ್ಧ ಮುಗಿಯಿತೆ, ಮುಗಿದಿರಬೇಕು, ಮೈದಾನದಿಂದ ಇಲ್ಲಿಗೆ ನಡೆದುಬಂದದ್ದು ನೆನಪಿಲ್ಲ, ಡರ್ವ್ಲಾಳ ಬೆನ್ನು ಬಂದಿರಬೇಕು, ಅದರ ಹಿಂದೆ ನಾನು. ಕಿತ್ತಳೆ ಹೋಳುಗಳ ವಾಸನೆ, ಒದ್ದೆ ಉಣ್ಣೆ, ನೋವಿನ ಮುಲಾಮು, ಕೊಳವೆ ದೀಪ ಜೇನುನೊಣದ ಹಾಗೆ ಗುಂಯ್ ಎನ್ನುತ್ತಿದೆ, ಬೇರೆ ಯಾರಿಗೂ ಕೇಳುತ್ತಿಲ್ಲವೆ, ಕೋಲ್ಮನ್ ಕೋಣೆಯ ಮಧ್ಯೆ ನಿಂತು ಟೋಪಿ ಹಿಂಡುತ್ತಿದ್ದಾನೆ, ನಮ್ಮ ತರಬೇತುದಾರ, ಹಸು ಕರು ಹಾಕುವ ದಿನ ಬಿಟ್ಟರೆ ಇನ್ನೆಲ್ಲ ದಿನ ನಮಗೇ ಮೀಸಲು — ಹುಡುಗೀರಾ, ಆ ಪಕ್ಕದ ಕೋಣೇಲಿ ಅವರು ಏನು ತಿಂತಾ ಇದಾರೆ ಗೊತ್ತಾ? ನಿಮ್ಮ ಹೆಸರು. ಬೆಣ್ಣೆ ಹಚ್ಕೊಂಡು ತಿಂತಾ ಇದಾರೆ. ಒಂದಂಕ ಹಿಂದೆ ಇದೀವಿ, ಒಂದೇ ಒಂದು, ಅದು ಸಾಲ ಅಲ್ಲ, ಚಿಲ್ಲರೆ! ಎಲ್ಲ ನಗುತ್ತಾರೆ, ನಾನೂ ನಗುತ್ತೇನೆ, ನಕ್ಕರೆ ಎಡಗಿವಿಯ ಹಿಂದೆ ಯಾರೋ ಮೊಳೆ ಹೊಡೆಯುತ್ತಾರೆ. ಎಥ್ನಾ ನನ್ನ ಮುಂದೆ ಮೊಣಕಾಲೂರಿದ್ದಾಳೆ, ತಣ್ಣನೆಯ ಬೆರಳು, ಗಲ್ಲ ಹಿಡಿದು ಮುಖ ದೀಪದ ಕಡೆಗೆ — ಕೀಲಿನ್, ಆಗ ಆ ಗುಂಪಲ್ಲಿ ಬಿದ್ದೆಯಲ್ಲ, ತಲೆಗೆ ತಾಗ್ತಾ? ಇಲ್ಲಪ್ಪ. ಬೆಳಕಿಗೆ ಕಣ್ಣು ಮುಚ್ತಾ ಇದೀಯಾ. ಬೆಳಕು ಕಣ್ಣಿಗೆ ಬಿಟ್ರೆ ಎಲ್ರೂ ಮುಚ್ತಾರೆ ಎಥ್ನಾ. ಐದು ಪ್ರಶ್ನೆ ಕೇಳ್ತೀನಿ. ಕೇಳು. ಆ ಐದೂ ನಮಗೆಲ್ಲ ಬಾಯಿಪಾಠ, ಜಪದಂತೆ, ಯಾವ ಮೈದಾನ, ಯಾವ ಅರ್ಧ, ಹಿಂದಿನ ಪಂದ್ಯ ಯಾರ ಮೇಲೆ, ಕೊನೇ ಅಂಕ ಯಾರದು, ಐದನೆಯದು — ಮೈದಾನ ಹೇಳಿದೆ, ಅರ್ಧ ಹೇಳಿದೆ, ಹಿಂದಿನ ಪಂದ್ಯ ಯಾರ ಮೇಲೆಂದೂ ಹೇಳಿದೆ, ಕೊನೇ ಅಂಕ ಯಾರು ಹೊಡೆದದ್ದು, ಯಾರು, ಉದ್ದ ಹುಡುಗಿ, ಎಡಗೈಯವಳು, ಕಾಲುಚೀಲ ಇಳಿಬಿಟ್ಟವಳು, ನಗುವಾಗ ಮೇಲಿನ ಹಲ್ಲು, ಸ್ಪಷ್ಟವಾಗಿ ಕಾಣುತ್ತಿದ್ದಾಳೆ, ದೊಡ್ಡಮ್ಮನ ಪಕ್ಕದಲ್ಲೇ — ಕನ್ಸೆಪ್ಟಾ ಟೂಹಿ. ಯಾರು? ಎಂದಳು ಎಥ್ನಾ. ಕನ್ಸೆಪ್ಟಾ ಟೂಹಿ ಈಗ ಅಜ್ಜಿ, ಕನ್ಸೆಪ್ಟಾ ಟೂಹಿ ಗೋಡೆಯ ಮೇಲಿದ್ದಾಳೆ, ಗೋಡೆಯ ಮೇಲಿನ ಆಟ ನನ್ನ ಕಣ್ಣೆದುರು ನಡೆಯುತ್ತಿದೆ, ಇವತ್ತಿನ ಆಟ ಎಲ್ಲಿ ಹೋಯಿತು, ಎಥ್ನಾಳ ಬೆರಳು ನನ್ನ ಗಲ್ಲದ ಮೇಲೆ ಬಿಗಿಯಾಯಿತು, ಡರ್ವ್ಲಾ ಪಕ್ಕದಿಂದ ಹೋ ಎಂದು ನಕ್ಕಳು, ಅವಳ ನಗು ನನಗೆ ಗೊತ್ತು, ಅದು ಅವಳ ನಗುವಲ್ಲ — ಅಯ್ಯೋ ಎಥ್ನಾ, ಇವಳು ಗೋಡೆ ಓದ್ತಾ ಇದಾಳೆ, ನೀವು ಹೊಸಬ್ರು ನಿಮಗೆ ಗೊತ್ತಿಲ್ಲ, ಇವಳಿಗೆ ಇದೇ ತಮಾಷೆ! ಎಲ್ಲರೂ ನಕ್ಕರು, ಏ ಕೀಲಿನ್ ಗೋಡೆ ಓದೇ ಎಂದು ಯಾರೋ ಕೂಗಿದರು. ಎಥ್ನಾ ನಗಲಿಲ್ಲ. ಇದು ತಮಾಷೆ ಅಲ್ಲ, ಕೊನೇ ಪ್ರಶ್ನೆ, ಕೀಲಿನ್, ನನ್ನ ಕಡೆ ನೋಡು, ಹಿಂದಿನ ಪಂದ್ಯ ಗೆದ್ವಾ? ಅಷ್ಟೇ ಸಾಕಾಯಿತು, ಅವಳ ಬಾಯಿಂದ ಆ ಪದ ಬಿದ್ದದ್ದೇ ತಡ ಇಡೀ ಕೋಣೆ ಬೆಂಚು ಬಡಿದು ಎದ್ದು ನಿಂತು — ಗೆದ್ವಿ ಅಟ್ರಾಕ್ಟಾ, ಕೂತ್ಕೊ! ದಾಂಡುಗಳು ನೆಲಕ್ಕೆ ಬಡಿದವು, ತಗಡಿನ ಬೀರುಗಳು ಅದುರಿದವು, ಪಾಪ ಎಥ್ನಾ, ಅವಳಿಗೂ ನಗು ತಡೆಯಲಿಲ್ಲ, ನಾನು ಉತ್ತರ ಹೇಳಲೇ ಇಲ್ಲ, ನನ್ನ ಪಾಲಿನ ಉತ್ತರ ಅವರೆಲ್ಲ ಹೇಳಿದರು. ಎರಡು ನಿಮಿಷ ಎಂದ ಕೋಲ್ಮನ್, ಏಳಿ ಏಳಿ. ಹೆಲ್ಮೆಟ್ಟಿನ ಪಟ್ಟಿ ಕಟ್ಟುತ್ತ ಡರ್ವ್ಲಾ ನನ್ನ ಕಿವಿಯಲ್ಲಿ — ಕೀಲಿನ್, ಅದು ತಮಾಷೇನೇ ತಾನೆ? ಹೂಂ. ಆಣೆ? ಹೂಂ. ಪಟ್ಟಿ ಬಹಳ ಬಿಗಿ ಮಾಡಿದಳು.

ಹಸಿರು, ಹಸಿರಿನ ಮೇಲೆ ಬಿಳಿ ಗೆರೆ, ಈಗ ಬಿಸಿಲು ಬೆನ್ನಿಗೆ, ಒಳ್ಳೆಯದು, ನನ್ನ ನೆರಳು ಉದ್ದವಾಗಿ ಮುಂದೆ ಬಿದ್ದಿದೆ, ಅದರ ತಲೆ ಡರ್ವ್ಲಾಳ ಕಾಲ ಹತ್ತಿರ, ತುಳೀಬೇಡ್ವೇ. ನಮ್ಮವರು ಹೊಡೆಯುತ್ತಿದ್ದಾರೆ, ಆ ತುದಿಯಿಂದ ಕೂಗು ಬರುತ್ತದೆ, ಮೊದಲು ಕೈಗಳು ಏಳುತ್ತವೆ, ಆಮೇಲೆ ಕೂಗು, ನಡುವೆ ಒಂದು ಸಂದಿ, ಆ ಸಂದಿ ಮೊದಲು ಇಷ್ಟು ಅಗಲವಿರಲಿಲ್ಲ — ಅಡುಗೆಮನೆಯ ಕಿಟಕಿ, ಕ್ರಿಸ್‌ಮಸ್ಸಿನ ಮರುದಿನ, ದೊಡ್ಡಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ, ಸಿಪ್ಪೆ ಉದ್ದಕ್ಕೆ ತುಂಡಾಗದೆ ಇಳಿಯುತ್ತಿದೆ, ಕೈಗೆ ಎಲ್ಲ ನೆನಪಿದೆ, ನೀನು ಎಲ್ಲಿ ಆಡೋದು ಮರಿ? ಗೋಲಲ್ಲಿ ದೊಡ್ಡಮ್ಮ, ನಿನ್ನ ಹಾಗೇ. ಅಯ್ಯೋ ಪಾಪ. ಒಂದು ಆಲೂಗಡ್ಡೆ ಮುಗಿಯುತ್ತದೆ. ನೀನು ಎಲ್ಲಿ ಆಡೋದು ಮರಿ? ಗೋಲಲ್ಲಿ ದೊಡ್ಡಮ್ಮ. ಅಯ್ಯೋ ಪಾಪ. ಅಮ್ಮ ಒಲೆಯ ಹತ್ತಿರದಿಂದ ಕಣ್ಣಲ್ಲೇ ಸುಮ್ಮನಿರು ಎನ್ನುತ್ತಾಳೆ, ಅರವತ್ತು ಈ ಮರೆವು ಬರೋ ವಯಸ್ಸಲ್ಲ ಅಂದ್ರಂತೆ ಡಾಕ್ಟ್ರು, ಏನು ಮಾಡೋಕಾಗತ್ತೆ, ಯಾರ್ಯಾರ ಹಣೇಲಿ ಏನೇನು ಬರೆದಿರತ್ತೋ — ಹಣೆಯಲ್ಲಿ, ಅಮ್ಮ, ಹಣೆಯಲ್ಲಿ, ಎಂದು ನಾನು ಅನ್ನಲಿಲ್ಲ, ಆ ಮನೆಯಲ್ಲಿ ಆ ಹಣೆ ಮೆರವಣಿಗೆ ಮಾಡಿದ ಹಣೆ, ಊರ ಪಬ್ಬಿನಲ್ಲಿ ಅದರ ಫೋಟೋ ಇದೆ. ಕಿಟಕಿಯ ಹೊರಗೆ ಬೇಲಿಯ ಆ್ಯಶ್ ಮರಗಳು, ದಾಂಡಿಗೆ ಆ ಮರವೇ ಆಗಬೇಕು, ಆ ಮರಕ್ಕೆ ಈಗ ದೇಶದ ತುಂಬ ರೋಗ, ಅಪ್ಪ ಹೇಳುತ್ತಿದ್ದ, ನೋಡಕ್ಕೆ ಹಸಿರೇ ಇರತ್ತೆ ಕಣಮ್ಮ, ಬುಡ ಗಟ್ಟಿ, ತೊಗಟೆ ಗಟ್ಟಿ, ಅದು ತಲೆಯಿಂದ ಶುರುವಾಗತ್ತೆ. ದೊಡ್ಡಮ್ಮನ ಕೈ ನಿಂತಿತು. ಚಾಕು ಕೆಳಗಿಟ್ಟಳು. ಕಿಟಕಿಯ ಗಾಜಿನಲ್ಲಿ ಏನೂ ಇರಲಿಲ್ಲ, ಬೂದು ಆಕಾಶ, ಆಕಾಶದಲ್ಲಿ ಒಂದು ಬಿಳಿಚು ಕಲೆ, ಮೋಡದ ಹಿಂದಿನ ಸೂರ್ಯ, ಅದನ್ನೇ ನೋಡುತ್ತ ಬಲಗೈ ಮೆಲ್ಲಗೆ ಎತ್ತಿದಳು, ಅಂಗೈ ಹೊರಕ್ಕೆ, ಮುಖದ ಮುಂದೆ, ಅರ್ಧಕ್ಕೆ ನಿಂತಿತು ಕೈ, ಆಗ ನನಗೆ ಗೊತ್ತಾಯಿತು, ಆ ಫೋಟೋದಲ್ಲಿ ಅವಳು ಕೈಬೀಸುತ್ತಿರಲಿಲ್ಲ. ಏನು ದೊಡ್ಡಮ್ಮ? ಬರ್ತಾ ಇದೆ. ಏನು ಬರ್ತಾ ಇದೆ? ಅವಳು ನನ್ನನ್ನು ನೋಡಿ ನಕ್ಕಳು, ಮಕ್ಕಳ ದಡ್ಡತನಕ್ಕೆ ನಗುವ ಹಾಗೆ, ಅದೇ, ಇನ್ನೂ ಬರ್ತಾನೇ ಇದೆ. — ಕೀಲಿನ್! ಡರ್ವ್ಲಾ, ಕೀಲಿನ್, ಗೆರೆ ಮೇಲೆ ಬಾರೇ, ಎಲ್ಲಿ ನೋಡ್ತಾ ಇದೀಯಾ! ಸೀಟಿ ಊದಿದ್ದಾರೆ, ಅವರಿಗೆ ಫ್ರೀ ಹೊಡೆತ, ಹತ್ತಿರದಿಂದ, ನೇರ ಎದುರಿಗೆ, ನಾವು ಎರಡಂಕ ಮುಂದೆ, ಎಷ್ಟು ಹೊತ್ತಿನಿಂದ ಮುಂದೆ, ಕೊನೆಯ ಹೊಡೆತ ಇದೇ ಎಂದು ಯಾರೋ, ಮೇಲೆ ಹೊಡೆದರೆ ಒಂದೇ, ಸಾಲದು ಅವರಿಗೆ, ಕೆಳಗೇ ಹೊಡೆಯಬೇಕು, ನನಗೇ ಹೊಡೆಯಬೇಕು. ಬೆನ್ನ ಹಿಂದೆ ಅದೇ ಮುದುಕ, ನನ್ನ ಜೊತೆಗೇ ಈ ತುದಿಗೆ ಬಂದಿದ್ದಾನೆ, ಚಹಾದ ಲೋಟ ಕೆಳಗಿಟ್ಟ ಸದ್ದು, ಮಗಳೇ, ಈಗ ನಿಂತ್ಕೊ ಮಗಳೇ. ಡರ್ವ್ಲಾ ನನ್ನ ಎಡಕ್ಕೆ ಗೆರೆಯ ಮೇಲೆ, ಅವಳ ಉಸಿರು ಕೇಳುತ್ತಿದೆ, ಅವಳು ನೆಲ ನೋಡಿಕೊಂಡೇ ಹೇಳುತ್ತಾಳೆ, ಹೋಗ್ಬಿಡು ಕೀಲಿನ್, ಕಾಲು ಹಿಡ್ಕೊಂಡು ಬಿದ್ಬಿಡು, ಆ ಮಗು ಬಂದು ನಿಲ್ಲಲಿ, ನಂಗೆ ಕಪ್ಪು ಬೇಡ. ಈಗಾ? ಈಗ್ಲೇ. ಸುಮ್ನಿರೇ. ಆ ಹುಡುಗಿ ದಾಂಡಿನಿಂದ ಚೆಂಡನ್ನು ಎತ್ತಿದಳು, ಚೆಂಡು ಏರಿತು, ಎರಡು ಚೆಂಡು, ಹತ್ತುವ ಚೆಂಡು ನಿಜ, ಹತ್ತದ್ದು ನನ್ನದು, ಆದರೆ ಮುಟ್ಟಿ ನೋಡಲು ಹೊತ್ತೆಲ್ಲಿ, ದಾಂಡು ಬೀಸಿತು, ಎರಡೂ ಹೊರಟವು, ಬಲದ್ದು, ಎಡದ್ದು, ನಾನು ಎಡದ್ದಕ್ಕೆ ಕೈ ಎತ್ತಿದೆ, ಅಂಗೈ ಹೊರಕ್ಕೆ —

ಗೇಟು ಹಾಕಿಕೊಂಡಿತು, ಯಾರ ಹೊಲದ್ದೋ.

ಬಿಸಿ. ತೊಡೆಯ ಮೇಲೆ ತಣ್ಣಗೆ, ಗಲ್ಲದ ಹತ್ತಿರ ಬಿಸಿ, ಬಸ್ಸಿನ ಹೀಟರು, ಒದ್ದೆ ಬಟ್ಟೆಯ ಹಬೆ, ಕಿಟಕಿಗಳೆಲ್ಲ ಮಂಜು ಹಿಡಿದಿವೆ, ಹಾಡುತ್ತಿದ್ದಾರೆ, ಯಾವ ಹಾಡು, ಗೊತ್ತಿರುವ ಹಾಡೇ, ಪದಗಳು ಮಾತ್ರ ಒಂದೊಂದೂ ಕೊನೆಯಿಂದ ಬರುತ್ತಿವೆ, ಹ್ಯಾಮ್ ಸ್ಯಾಂಡ್‌ವಿಚ್ಚಿನ ವಾಸನೆ, ಬೇಡ, ವಾಸನೆ ಬೇಡ — ನೋಡಿದ್ರೇನ್ರೇ, ಹಣೇಲಿ! ಸೀದಾ ಹಣೇಲಿ ತಡೆದ್ಲು ನಮ್ಮ ಕೀಲಿನ್, ದೊಡ್ಡಮ್ಮನ ಥರಾನೇ, ಹೆಲ್ಮೆಟ್ ಸರಳು ಬಗ್ಗೋಗಿದೆ ನೋಡು, ಅದನ್ನ ಗೋಡೆಗೆ ನೇತು ಹಾಕ್ಬೇಕು ಕಣ್ರೇ, ಫೋಟೋ ಪಕ್ಕ! ಕೋಲ್ಮನ್ ಮುಂದಿನ ಸೀಟಿನಲ್ಲಿ ಅಳುತ್ತಿದ್ದಾನೆ, ಟೋಪಿಯಲ್ಲಿ ಮೂಗು ಒರೆಸುತ್ತಿದ್ದಾನೆ, ಯಾರು ಸತ್ತರು, ಎಥ್ನಾ ಅವನ ಪಕ್ಕದಲ್ಲಿ ತಿರುಗಿ ತಿರುಗಿ ಈ ಕಡೆ ನೋಡುತ್ತಾಳೆ, ಆಗಲೇ ಎಲ್ರೂ ಅವಳ ಮೇಲೆ ಬಿದ್ಬಿಟ್ರಿ, ನಾನು ನೋಡೋಕೇ ಆಗ್ಲಿಲ್ಲ, ಕೀಲಿನ್, ವಾಂತಿ ಬರ್ತಾ ಇದೆಯಾ? ಬರಲ್ಲ ಎಂದು ಯಾರೋ ನನ್ನ ಪರವಾಗಿ ಹೇಳಿದರು, ಅವಳಿಗೆ ಕುಡಿಯೋಕೆ ಕೊಡಿ! ತೊಡೆಯ ಮೇಲೆ ತಣ್ಣಗಿರುವುದು ಏನು, ಬೆಳ್ಳಿಯ ಪಾತ್ರೆ, ಎರಡು ಕಿವಿ, ಒಳಗೆ ಕಿತ್ತಳೆ ಬಣ್ಣದ ನೀರು ತುಳುಕುತ್ತಿದೆ, ನನ್ನ ಎರಡೂ ಕೈ ಅದನ್ನು ಹಿಡಿದಿವೆ, ಯಾರೋ ಹಿಡಿದುಕೊ ಎಂದಿರಬೇಕು, ಚೆನ್ನಾಗಿದೆ, ಯಾರ ಮನೆಯದು ಇದು, ಹಿಂದಿರುಗಿಸಬೇಕೇನೋ, ಹೊಳಪಿನಲ್ಲಿ ಒಂದು ಮುಖ, ಉದ್ದಕ್ಕೆ ಎಳೆದ ಮುಖ, ಹಣೆಗೆ ಪಟ್ಟಿ, ಬಲ್ಲೆ ಇವಳನ್ನು, ಮುಂದಿನ ಸಾಲು, ಮಧ್ಯ — ಇವತ್ತು ಫೈನಲ್ ಇತ್ತಲ್ಲವೆ, ಇತ್ತು, ಗುರುವಾರ ಅಭ್ಯಾಸ, ಭಾನುವಾರ ಫೈನಲ್, ಫೈನಲ್ ಇರುವಾಗ ನಾವೇಕೆ ಬಸ್ಸಿನಲ್ಲಿದ್ದೇವೆ, ಹೋಗುತ್ತಿದ್ದೇವೆಯೋ ಬರುತ್ತಿದ್ದೇವೆಯೋ, ಚಕ್ರದ ಸದ್ದು ಬದಲಾಯಿತು, ಟೊಳ್ಳು ಸದ್ದು, ಕೆಳಗೆ ನೀರು, ಶ್ಯಾನನ್, ಹಾಗಾದರೆ ಬರುತ್ತಿದ್ದೇವೆ, ಹಾಗಾದರೆ ಆಗಿಹೋಗಿದೆ, ನನ್ನ ಬಿಟ್ಟು ಆಗಿಹೋಗಿದೆ, ಹಾಡು ತಟ್ಟನೆ ನಿಂತಿತು, ಎಲ್ಲರೂ ಏಕೋ ಹಿಂದಕ್ಕೆ ತಿರುಗಿದ್ದಾರೆ, ಯಾರೋ ಏನೋ ಕೂಗಲೆಂದು ಕಾಯುತ್ತಿದ್ದಾರೆ, ನನಗೆ ಕೇಳಬೇಕು, ಯಾರನ್ನಾದರೂ ಕೇಳಬೇಕು, ಎದ್ದು ನಿಂತರೆ ಬಸ್ಸು ತೂಗುತ್ತದೆ, ಕಿತ್ತಳೆ ನೀರು ಮೊಣಕಾಲ ಮೇಲೆ ಚೆಲ್ಲುತ್ತದೆ — ಗೆದ್ವಾ?

ಬಸ್ಸು ನಗುವಿನಿಂದ ಬಿರಿಯಿತು. ಕಪ್ಪು ಕೈಲಿ ಹಿಡ್ಕೊಂಡು ಕೇಳ್ತಾಳೆ ನೋಡ್ರೇ, ಇಷ್ಟು ಚೆನ್ನಾಗಿ ಯಾರೂ ಕೇಳಿದ್ದನ್ನ ನಾನು ಕಂಡೇ ಇಲ್ಲ, ಅಯ್ಯೋ ಹೊಟ್ಟೆ ಹಿಡ್ಕೊಳ್ರೇ — ಒಂದು, ಎರಡು, ಎಲ್ಲರೂ, ಸೀಟು ಬಡಿದು, ಕಿಟಕಿ ಬಡಿದು, ಗೆದ್ವಿ ಅಟ್ರಾಕ್ಟಾ, ಕೂತ್ಕೊ! ಹೌದಾ. ಕೂತೆ. ಎಷ್ಟು ಚೆನ್ನಾಗಿದೆ, ಗೆದ್ದೆವಂತೆ, ಅಳು ಬರುತ್ತದೆ, ಪಕ್ಕದಲ್ಲಿರುವ ಈ ಕೆಂಚು ಜಡೆಯವಳನ್ನು ತಬ್ಬಿಕೊಳ್ಳಬೇಕು, ಇವಳೊಬ್ಬಳು ನಗುತ್ತಿಲ್ಲ, ಇವಳ ಬೆನ್ನು ನನಗೆ ಗೊತ್ತು, ಮುಖ ಇಷ್ಟು ಬಿಳಿ ಇದೆಯೆಂದು ಗೊತ್ತಿರಲಿಲ್ಲ, ನನ್ನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದಿದ್ದಾಳೆ, ಕೀಲಿನ್, ನನ್ನ ನೋಡೇ, ತಮಾಷೆ ತಾನೆ, ತಮಾಷೆ ಅನ್ನೇ. ಏನು ತಮಾಷೆ, ಇವತ್ತು ಫೈನಲ್ ಇತ್ತು, ಏನಾಯಿತೆಂದು ಯಾರೂ ಹೇಳುತ್ತಿಲ್ಲ, ಎಲ್ಲ ನಗುತ್ತಾರೆ, ಎದ್ದು ಕೇಳಬೇಕು, ಎದ್ದೆ — ಗೆದ್ವಾ? ಗೆದ್ವಿ ಅಟ್ರಾಕ್ಟಾ, ಕೂತ್ಕೊ! ಈ ಸಲ ಸ್ವಲ್ಪ ಕಡಿಮೆ ಜನ. ನನ್ನ ಹೆಸರು ಅದಲ್ಲ, ಅದಲ್ಲ ಅನ್ನಿಸುತ್ತದೆ, ಇರಬಹುದು, ಇಷ್ಟು ಜನ ಹೇಳುತ್ತಿದ್ದಾರಲ್ಲ. ಎಥ್ನಾ, ಎಥ್ನಾ, ಬೇಗ ಬನ್ನಿ, ತಮಾಷೆ ಅಲ್ಲ ಇದು, ಮಧ್ಯಾಹ್ನಾನೂ ತಮಾಷೆ ಆಗಿರ್ಲಿಲ್ಲ, ಗುರುವಾರಾನೇ ನಾನು, ನಾನೇ ಹೊಡೆದಿದ್ದು, ಬಸ್ ನಿಲ್ಸಿ, ಯಾರಾದ್ರೂ ಬಸ್ ನಿಲ್ಸಿ — ನಿಲ್ಲಿಸಬೇಡಿ, ಸೇತುವೆಯ ಮೇಲೆ ನಿಲ್ಲಿಸಬಾರದು, ಏಕೆ ಎಲ್ಲರೂ ಸುಮ್ಮನಾದಿರಿ, ಹಾಡಿ, ಚೆನ್ನಾಗಿತ್ತು, ಯಾರೋ ಕಿಟಕಿಯ ಮಂಜು ಒರೆಸಿದರು, ಹೊರಗೆ ನದಿಯ ಮೇಲೆ ಬೂದು ಬಣ್ಣ, ಅದರಲ್ಲಿ ಒಂದು ಬಿಳಿ, ದುಂಡಗೆ, ಸಣ್ಣಗೆ, 

ದೂರದಿಂದ ಹೊರಟಿದೆ, ಕೈ ಎತ್ತಬೇಕು, ಅಂಗೈ ಹೊರಕ್ಕೆ, ಮುಖದ ಮುಂದೆ, ಅರ್ಧಕ್ಕೆ ನಿಂತಿದೆ ಕೈ, ಸಾಕು, ಇಷ್ಟು ಸಾಕು,

ಬಿಳಿ,

ಬರ್ತಾ ಇದೆ, ಇನ್ನೂ ಬರ್ತಾನೇ ಇದೆ